ಉಣ್ಣಲು ಅಂಜಿದ ಹುಡುಗಿ

“ಗುರುಗಳೇ, ಹಸಿವನ್ನು ಗೆದ್ದವರನ್ನು ತಡೆಯಬೇಕೋ, ಬೆನ್ನು ತಟ್ಟಬೇಕೋ?”

ಕೇಳಿದವಳು ಕಸ್ತೂರಿ. ಹಿಂದೆ ಗುರುಗಳ ಗರಡಿಯಲ್ಲೇ ಕಲಿತವಳು. ಈಗ ಪಕ್ಕದ ಊರಿನಲ್ಲಿ ಹುಡುಗಿಯರಿಗೆ ಹಗ್ಗದ ಮಲ್ಲಕಂಬ, ಅಂದರೆ ತೂಗುವ ಹಗ್ಗದ ಮೇಲಿನ ಕಸರತ್ತು, ಕಲಿಸುತ್ತಾಳೆ. ತನ್ನ ಶಿಷ್ಯೆಯರಲ್ಲಿ ಒಬ್ಬಳು ಊಟವನ್ನು ಹೆಚ್ಚುಕಡಿಮೆ ಬಿಟ್ಟೇ ಬಿಟ್ಟಿದ್ದಾಳೆ, ಆದರೂ ಎಲ್ಲರಿಗಿಂತ ಚೆನ್ನಾಗಿ ಹಗ್ಗ ಏರುತ್ತಾಳೆ, ಅಂಥ ಮನೋಬಲವನ್ನು ತಾನು ಇನ್ನೊಬ್ಬರಲ್ಲಿ ಕಂಡಿಲ್ಲ ಎಂದು ಅವಳು ಹೇಳಿದಳು.

ಗುರುಗಳು ಈ ಕತೆ ಹೇಳಿದರು.

ಒಂದು ಗರಡಿಯಲ್ಲಿ ಒಬ್ಬ ಮುದಿ ವಸ್ತಾದನಿದ್ದ. ಅವನು ಹುಡುಗರಿಗೆ ಕಂಬ ಕಲಿಸುತ್ತಿದ್ದ, ಹುಡುಗಿಯರಿಗೆ ಹಗ್ಗ. ಹಗ್ಗದ ತುದಿ ಮಕ್ಕಳಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಎತ್ತಿ ಹಗ್ಗ ಹಿಡಿಸುವುದು ಅವನ ಪದ್ಧತಿ. ಎತ್ತುವಾಗ ಏನಾದರೊಂದು ತಮಾಷೆ ಮಾಡುವುದೂ ಅವನ ಪದ್ಧತಿಯೇ.

ಯುಗಾದಿಯ ಮಾರನೆಯ ದಿನ ಅವನು ಒಬ್ಬ ಹುಡುಗಿಯನ್ನು ಎತ್ತಿದ. ಅವಳಿಗೆ ಹದಿಮೂರು ವರ್ಷ. “ಏನವ್ವಾ, ಮನಿಯಾಗಿನ ಹೋಳಿಗಿ ಎಲ್ಲಾ ನೀನ ಉಂಡಿ ಏನು? ನನ್ನ ರಟ್ಟಿ ಬಿದ್ದುವಲ್ಲ” ಎಂದ. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ವಸ್ತಾದ ಆ ಮಾತನ್ನು ಅಲ್ಲೇ ಮರೆತ.

ಹುಡುಗಿ ಮರೆಯಲಿಲ್ಲ. ಮೊದಲು ಸಿಹಿ ಬಿಟ್ಟಳು, ಆಮೇಲೆ ಅನ್ನ ಬಿಟ್ಟಳು. ಮನೆಯಲ್ಲಿ ಗರಡಿಯಲ್ಲೇ ತಿಂದೆ ಎಂದಳು, ಗರಡಿಯಲ್ಲಿ ಮನೆಯಲ್ಲೇ ಉಂಡು ಬಂದೆ ಎಂದಳು. ತಾನೇ ನಿಂತು ಮನೆಮಂದಿಗೆಲ್ಲ ಬಡಿಸುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದು ನೆಂಟರು ಹೊಗಳಿದರು. ಉಳಿದವರು ನೂರು ಬೈಠಕ್ ಹೊಡೆದರೆ ಅವಳು ಇನ್ನೂರು ಹೊಡೆದಳು. ದಿನಾ ಎತ್ತುವಾಗ ವಸ್ತಾದನ ಕೈಗೆ ಭಾರ ಕಡಿಮೆಯಾಗುತ್ತಾ ಬಂತು. ಹೂವಾಗಿದ್ದೀ ಎಂದು ಅವನು ಮೆಚ್ಚಿದ. ಬಿಸಿಲಿನಲ್ಲೂ ಅವಳು ಸ್ವೆಟರ್ ಹಾಕಿಕೊಂಡು ಬರುತ್ತಿದ್ದುದನ್ನು ನೋಡಿದ, ಯಾಕೆಂದು ಕೇಳಲಿಲ್ಲ.

ಒಂದು ದಿನ ಹುಡುಗಿಯ ತಾಯಿ ಗರಡಿಯ ಬಾಗಿಲಿಗೆ ಬಂದಳು. ಒಳಗೆ ಬರಲು ಸಂಕೋಚಪಟ್ಟು ಹೊಸ್ತಿಲ ಆಚೆಯೇ ನಿಂತಳು. “ವಸ್ತಾದರ, ಮಗಳು ಉಣ್ಣವಲ್ಲಳ್ರಿ. ತಲಿಗೂದಲಾ ಬಾಚಣಿಗಿಗೇ ಬರಾಕತ್ತಾವು. ನಮ್ಮ ಮಾತು ಕೇಳೂದಿಲ್ಲ, ನೀವು ಒಂದು ಮಾತು ಹೇಳ್ರಿ” ಎಂದಳು.

“ಸ್ಪರ್ಧೆಗೆ ಇನ್ನ ಹದಿನೆಂಟ ದಿನ ಐತಿ ತಂಗೀ. ಅದೊಂದು ಮುಗೀಲಿ, ನಾನ ಮುಂದ ಕುಂದ್ರಿಸಿ ಉಣ್ಣಿಸ್ತೀನಿ” ಎಂದ ವಸ್ತಾದ.

ತಾಯಿ ನಂಬಿ ಹೋದಳು. ಸ್ಪರ್ಧೆಯಲ್ಲಿ ಹುಡುಗಿ ಗೆದ್ದಳು. ಗಾಳಿಗೆ ಬರೀ ಹಗ್ಗ ತೂಗಿದ ಹಾಗೆ ಕಂಡಿತು ಎಂದು ನೋಡಿದವರು ಹೇಳಿದರು.

ವಸ್ತಾದ ಮಾತಿಗೆ ತಪ್ಪಲಿಲ್ಲ. ಮರುದಿನವೇ ಅವಳನ್ನು ಮುಂದೆ ಕೂರಿಸಿಕೊಂಡು ತಟ್ಟೆ ಇಟ್ಟ. ಹುಡುಗಿ ಯಾವತ್ತೂ ಅವನ ಮಾತು ಮೀರಿದವಳಲ್ಲ. ರೊಟ್ಟಿ ಮುರಿದಳು. ಮುರಿದದ್ದನ್ನು ಮತ್ತೆ ಮುರಿದಳು. ಚೂರುಗಳನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸಿದಳು. ಒಂದೂ ಬಾಯಿಗೆ ಹೋಗಲಿಲ್ಲ. ವಸ್ತಾದ ಗದರಿದ, ಆಮೇಲೆ ಬೇಡಿಕೊಂಡ. ಹಸಿವೇ ಆಗುವುದಿಲ್ಲವೇ ಎಂದು ಕೊನೆಗೆ ಕೇಳಿದ.

“ಹಸಿವಿ ಆಗತೈತ್ರಿ” ಎಂದಳು ಹುಡುಗಿ. “ಉಣ್ಣಾಕ ಅಂಜಿಕಿ ಬರತೈತಿ.”

ಎರಡಾಳು ಎತ್ತರದಲ್ಲಿ ತಲೆಕೆಳಗಾಗಿ ತೂಗುವಾಗಲೂ ಅಂಜದವಳು ಅವಳು. ಎತ್ತರದ ಅಂಜಿಕೆ ಬಿಡಿಸುವುದು ವಸ್ತಾದನಿಗೆ ಗೊತ್ತಿತ್ತು. ಈ ಅಂಜಿಕೆ ಬಿಡಿಸುವುದು ಗೊತ್ತಿರಲಿಲ್ಲ.

ಅಂದೇ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ಇದು ಹಟವಲ್ಲ, ಕಾಯಿಲೆ ಎಂದು ಡಾಕ್ಟರ್ ಹೇಳಿದರು. ಮನಸ್ಸಿಗೂ ಮೈಗೂ ಒಟ್ಟಿಗೆ ಮದ್ದು ಮಾಡಬೇಕು, ಇದರಿಂದ ಗುಣವಾಗಿ ಮನೆಗೆ ಹೋದವರು ಎಷ್ಟೋ ಜನ ಇದ್ದಾರೆ, ಆದರೆ ಇವಳ ಹೃದಯ ಬಹಳ ಸೋತಿದೆ, ಎರಡು ಮೂರು ವಾರ ಮೊದಲೇ ತರಬೇಕಿತ್ತು ಎಂದರು.

ಹನ್ನೊಂದನೆಯ ದಿನ ಹುಡುಗಿ ತೀರಿಕೊಂಡಳು. ಹೊರಲು ನಾಲ್ಕು ಜನ ಬಂದು ನಿಂತಿದ್ದರು. ಯಾರೂ ಬೇಕಾಗಲಿಲ್ಲ. ತಂದೆಯೇ ಎರಡು ಕೈಯಲ್ಲಿ ಎತ್ತಿಕೊಂಡು ನಡೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆ ತಾಯಿ ಬಾಗಿಲಿಗೆ ಬಂದ ದಿನವೇ ಅವನು ಸ್ಪರ್ಧೆ ಬಿಡಿಸಬೇಕಿತ್ತು, ಗುರುಗಳೇ. ಎಂಥ ಮನುಷ್ಯ” ಎಂದಳು.

ಗುರುಗಳು ಕೇಳಿದರು: “ನಿನ್ನ ಹುಡುಗಿಯ ಸ್ಪರ್ಧೆ ಯಾವತ್ತು?”