ಬೆಳಿಗ್ಗೆ ಬರುವ ವೈದ್ಯ

ದೀಕ್ಷೆ ಬೇಡಿ ಬಂದವನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ನಿಮ್ಮ ದಾರಿ ಹಿಡಿದರೆ ನನಗೆ ಕೆಡುಕೇನೂ ಆಗುವುದಿಲ್ಲ ತಾನೇ? ಅಷ್ಟು ಮಾತು ಕೊಡಿ. ಇಂದೇ ಮನೆ ಬಿಟ್ಟು ಬರುತ್ತೇನೆ.”

ಗುರುಗಳು ಹೇಳಿದರು:

ಒಬ್ಬ ಜಟಕಾದವನಿದ್ದ. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಮಾತಾಡಿಸಲು ಉಳಿದಿದ್ದು ಒಂದು ಹೆಣ್ಣು ಕುದುರೆ. ಗುಲಾಬಿ ಎಂದು ಅದಕ್ಕೆ ಹೆಸರಿಟ್ಟವಳೂ ಆ ಹೆಂಡತಿಯೇ.

ಗುಲಾಬಿಯ ಮುಂಗಾಲಿನ ಮಂಡಿ ಸವೆಯಿತು. ಗಾಡಿ ಎಳೆಯುವುದು ನಿಂತಿತು. ಆಮೇಲೆ ಮಲಗುವುದೂ ನಿಂತಿತು. ಮಲಗಿದರೆ ಏಳಲಾಗದು ಎಂದು ಅದಕ್ಕೆ ಗೊತ್ತಾಗಿತ್ತು. ನಿಂತೇ ಇರುತ್ತಿತ್ತು. ನಿಂತು ನಿಂತು ಸೊರಗಿತು. ಗಾಡಿ ಹೋದರೆ ಹೋಗಲಿ, ಕುದುರೆ ಉಳಿದರೆ ಸಾಕು ಎಂದ ಜಟಕಾದವನು.

ಹೊಸ ಮದ್ದು ಬಂದಿದೆ ಎಂದು ಯಾರೋ ಹೇಳಿದರು. ಕುದುರೆಯ ಎದೆಮೂಳೆಯಿಂದ ತುಸು ಮಜ್ಜೆ ತೆಗೆಯುತ್ತಾರೆ. ಅದರಲ್ಲಿನ ಕಾಂಡಕೋಶಗಳನ್ನು, ಅಂದರೆ ಸವೆದದ್ದನ್ನು ಸರಿಪಡಿಸಬಲ್ಲ ಕಣಗಳನ್ನು, ಬೇರೆ ಮಾಡಿ ಬೆಳೆಸುತ್ತಾರೆ. ಬೆಳೆದದ್ದನ್ನು ಅದೇ ಕುದುರೆಯ ಕೀಲಿಗೆ ಸೂಜಿಯಲ್ಲಿ ಚುಚ್ಚುತ್ತಾರೆ. ಆ ಪಟ್ಟಣದಲ್ಲಿ ಅದನ್ನು ಬಲ್ಲ ವೈದ್ಯರು ಇಬ್ಬರಿದ್ದರು.

ಮೊದಲನೆಯವನನ್ನು ಕೇಳಿದ: “ಅಪಾಯ ಉಂಟೇ ಸ್ವಾಮಿ?”

“ಅದರ ಮೈಯದ್ದು ಅದರ ಮೈಗೇ. ಅಪಾಯ ಎಲ್ಲಿಂದ ಬರುತ್ತದೆ? ಏನೇನೂ ಆಗುವುದಿಲ್ಲ.”

“ಮಾರನೆಯ ದಿನ ಬಂದು ನೋಡುತ್ತೀರಾ?”

“ಏನೂ ಆಗುವುದಿಲ್ಲ ಎಂದ ಮೇಲೆ ಬಂದು ಏನು ನೋಡಲಯ್ಯ?”

ಎರಡನೆಯವನನ್ನು ಕೇಳಿದ. ಅವನೆಂದ: “ಬಹುಪಾಲು ಕುದುರೆಗಳಿಗೆ ಏನೂ ಆಗುವುದಿಲ್ಲ. ಕೆಲವಕ್ಕೆ ಕೀಲು ಊದುತ್ತದೆ, ತಾನೇ ಇಳಿಯುತ್ತದೆ. ಅಪರೂಪಕ್ಕೆ ಒಂದಕ್ಕೆ ಒಳಗೆ ಕೀವಾಗುತ್ತದೆ. ಅದು ಕೆಟ್ಟದ್ದು.”

“ನನ್ನ ಗುಲಾಬಿಗೆ?”

“ಗೊತ್ತಿಲ್ಲ. ದಿನವೂ ಬೆಳಿಗ್ಗೆ ಬಂದು ನೋಡುತ್ತೇನೆ.”

ಜಟಕಾ ನಿಲ್ದಾಣದವರು ನಕ್ಕರು. “ಧೈರ್ಯ ಹೇಳಿದವನನ್ನು ಬಿಟ್ಟು ಹೆದರಿಸಿದವನ ಹತ್ತಿರ ಹೋಗುತ್ತಾನಂತೆ. ತಲೆ ನೆಟ್ಟಗಿದೆಯೇನಯ್ಯ?”

“ಹೆದರಿಸಿದವನು ಬರುತ್ತೇನೆ ಅಂದ,” ಎಂದ ಜಟಕಾದವನು. ಎರಡನೆಯ ವೈದ್ಯನಲ್ಲೇ ಮಜ್ಜೆ ತೆಗೆಸಿ, ಕೋಶ ಬೆಳೆದ ಮೇಲೆ ಸೂಜಿ ಹಾಕಿಸಿದ.

ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತಾನೆ. ಮಂಡಿ ತೆಂಗಿನಕಾಯಿಯಂತೆ ಊದಿತ್ತು. ಎದೆ ಒಡೆಯಿತು. ಊದಿದ್ದಕ್ಕೆಲ್ಲ ಶಾಖ ಕೊಟ್ಟು ರೂಢಿ. ಉಪ್ಪು ಹುರಿದ, ಬಟ್ಟೆಯಲ್ಲಿ ಗಂಟು ಕಟ್ಟಿದ, ಮಂಡಿಯ ಹತ್ತಿರ ತಂದ. ಅಷ್ಟರಲ್ಲಿ ವೈದ್ಯ ಬಂದ.

“ಕೆಡಿಸಿಬಿಟ್ಟಿರಲ್ಲ ಸ್ವಾಮಿ!”

“ಊದಬಹುದು ಎಂದಿದ್ದೆನಲ್ಲ?”

“ಊದಬಹುದು ಅಂದಿರಿ. ನನ್ನ ಕುದುರೆಗೆ ಅನ್ನಲಿಲ್ಲ!”

ವೈದ್ಯ ನಕ್ಕುಬಿಟ್ಟ. “ಆ ಗಂಟು ಇತ್ತ ಕೊಡು. ಅದರ ಮಂಡಿಗೆ ತಣ್ಣೀರು. ಬಿಸಿ ಉಪ್ಪು ನನ್ನ ಸೊಂಟಕ್ಕಿರಲಿ.”

ಜ್ವರ ನೋಡಿದ. ಇರಲಿಲ್ಲ. ಕಾಲು ಊರಿಸಿ ನೋಡಿದ. ಊರಿತು. ಕೀವಲ್ಲ ಎಂದ. ತಣ್ಣೀರ ಪಟ್ಟಿ ಕಟ್ಟಿಸಿದ. ಗಂಟನ್ನು ಸೊಂಟಕ್ಕೆ ಒತ್ತಿಕೊಂಡು, ಗೋಣಿಚೀಲದ ಮೇಲೆ ಕೂತು, ಚಹಾ ಕುಡಿದು ಹೋದ. ಮಾರನೆಯ ದಿನವೂ ಬಂದ. ಊತ ಇಳಿದ ಮೇಲೂ ಬಂದ. ಚಹಾ ಚೆನ್ನಾಗಿತ್ತೋ ಏನೋ.

ಆಮೇಲೆ ಕುದುರೆಯನ್ನು ಮೆಲ್ಲಗೆ ನಡೆಸಿದರು. ತಿಂಗಳುಗಳು ಹಿಡಿದವು.

ಒಂದು ಬೆಳಿಗ್ಗೆ ಜಟಕಾದವನು ಲಾಯಕ್ಕೆ ಬಂದ. ಗುಲಾಬಿ ನೆಲದ ಮೇಲೆ ಬಿದ್ದಿತ್ತು. ಕಾಲು ನಾಲ್ಕೂ ಚಾಚಿತ್ತು. “ಅಯ್ಯೋ, ಹೋದೆಯಾ ನನ್ನವ್ವಾ!” ಎಂದು ಕೂಗಿದ. ಗುಲಾಬಿ ಒಂದು ಕಣ್ಣು ತೆರೆಯಿತು. ಮತ್ತೆ ಮುಚ್ಚಿತು. ಗೊರಕೆ ಹೊಡೆಯಿತು.

ಕೂಗಿ ಕೂಗಿ ಅದರ ನಿದ್ದೆ ಕೆಡಿಸಿಬಿಟ್ಟ. ತಾನೇ ಎದ್ದಿತು. ಅಂಗಳಕ್ಕೆ ಹೋಯಿತು. ಧೂಳಿನಲ್ಲಿ ಬಿದ್ದು, ಕಾಲು ಮೇಲೆತ್ತಿ, ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಹೊರಳಿತು. ಮತ್ತೆ ಎದ್ದು ಮೈ ಒದರಿತು.

ಜಟಕಾದವನು ಹೆಂಡತಿಗೆ ಹೇಳಲು ಒಳಗೆ ಓಡಿದ. ಒಳಗೆ ಯಾರೂ ಇರಲಿಲ್ಲ. ಹೊರಗೆ ಬಂದು ಬೀದಿಗೆಲ್ಲ ಹೇಳಿದ: “ಗುಲಾಬಿ ಮಲಗಿತು! ಗುಲಾಬಿ ಮಲಗಿತು!”

ಕಸ ಗುಡಿಸುತ್ತಿದ್ದ ಪಕ್ಕದ ಮನೆಯವಳು ಕೇಳಿದಳು: “ಮಲಗಿದ್ದಕ್ಕೇ ಹಿಂಗೆ ಕುಣಿಯುತ್ತೀಯಲ್ಲಣ್ಣ, ಎದ್ದರೆ ಏನು ಮಾಡುತ್ತೀಯೋ?”

“ಎದ್ದಿತಲ್ಲ ತಾಯಿ, ಅದಕ್ಕೇ ಕುಣಿಯುತ್ತಿರುವುದು!”

ಬೀದಿಯೇ ನಕ್ಕಿತು. ಧೂಳು ಮೆತ್ತಿದ ಕುದುರೆಯನ್ನು ನೋಡಲು ಜನ ಬಂದರು. ಅವರ ನಡುವೆ ವೈದ್ಯನೂ ಇದ್ದ. ಅವನು ಬರುವ ಹೊತ್ತು ಅದು.

ಗುರುಗಳು ನಿಲ್ಲಿಸಿದರು. ಕೇಳುತ್ತಿದ್ದವನೂ ನಗುತ್ತಿದ್ದ. “ಹಾಗಾದರೆ ನನಗೂ ಮಾತು ಕೊಟ್ಟ ಹಾಗಾಯಿತೇ ಗುರುಗಳೇ?”

“ನಿನಗೂ ಊದೀತು ಮಗು, ಬೆಳಿಗ್ಗೆ ನಾನು ಬರುತ್ತೇನೆ.”