ಉಲ್ಲಂಕಿ ಕೇಳಿದ ಒಂದು ಬೊಗಸೆ ಕತ್ತಲೆ

ಲೋಕದ ಮೈಮೇಲಿನ ಹಸಿ ಇನ್ನೂ ಆರಿರಲಿಲ್ಲ. ಎತ್ತ ಹರಿಯೋಣ ಎಂದು ನದಿಗಳು ಒಂದನ್ನೊಂದು ಕೇಳುತ್ತಿದ್ದ ಕಾಲ ಅದು. ಆಗ ಭೂಮಿಯ ನೆತ್ತಿಯ ಬಳಿ, ಉತ್ತರಕ್ಕೂ ಉತ್ತರದಲ್ಲಿ, ಒಂದು ಮರವೂ ಇಲ್ಲದ ಬಯಲಿತ್ತು. ಅಲ್ಲಿನ ಪಾಚಿಯಲ್ಲಿ ಚಿಟಕಮ್ಮ ಎಂಬ ಉಲ್ಲಂಕಿ ಗೂಡು ಮಾಡಿದ್ದಳು. ಉಲ್ಲಂಕಿ ಗೊತ್ತಲ್ಲ? ಚಳಿಗಾಲದಲ್ಲಿ ನಮ್ಮ ಕೆರೆಯಂಚಿನ ಕೆಸರಿನಲ್ಲಿ ಪುಟುಪುಟು ಓಡಾಡುವ ಹಕ್ಕಿ. ಮೈ ಮುಷ್ಟಿಯಷ್ಟು, ಸಿಟ್ಟು ಮಾತ್ರ ಆನೆಯಷ್ಟು.

ಚಿಟಕಮ್ಮನಿಗೆ ನಾಲ್ಕು ಮರಿ. ಉಲ್ಲಂಕಿ ಮರಿಗೆ ತಾಯಿ ಗುಟುಕು ಕೊಡುವುದಿಲ್ಲ. ಮೊಟ್ಟೆಯಿಂದ ಬಂದ ಮೇಲೆ ಅದು ತಾನೇ ನೀರಿನಂಚಿಗೆ ನಡೆದು ಹುಳ ಹೆಕ್ಕಬೇಕು. ಗೂಡಿಗೂ ಕೊಳಕ್ಕೂ ನಡುವೆ ಬೋಳು ನೆಲ, ದಿಬ್ಬದ ಮೇಲೆ ನರಿ. ಕತ್ತಲಾದರೆ ದಾಟಬಹುದು. ಆದರೆ ಕತ್ತಲೆಯೇ ಆಗುತ್ತಿಲ್ಲ!

ಸೂರ್ಯ ಆ ಬೇಸಿಗೆಯಲ್ಲಿ ಮುಳುಗುವುದನ್ನೇ ಬಿಟ್ಟಿದ್ದ. ಗಾಣದ ಎತ್ತಿನ ಹಾಗೆ ಆಕಾಶವನ್ನು ಸುತ್ತುತ್ತಲೇ ಇದ್ದ.

"ಅಯ್ಯಾ, ಒಂದು ಗಳಿಗೆ ಮುಳುಗು. ಮಕ್ಕಳು ಹಸಿದಿವೆ," ಎಂದಳು ಚಿಟಕಮ್ಮ.

ಸೂರ್ಯ ನಕ್ಕ. "ಬೆಳಕು ಬೇಡ ಅನ್ನೋರನ್ನ ಇವತ್ತೇ ನೋಡಿದ್ದು! ಬೇಸಿಗೆಯೆಲ್ಲ ಈ ಆಕಾಶ ನಂದು. ಚಳಿಗಾಲದಲ್ಲಿ ಬಾ ಅಂತ ನನ್ನ ತಮ್ಮ ಚಂದ್ರನಿಗೂ ಹೇಳಿಬಿಟ್ಟಿದ್ದೀನಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಚಿಟಕಮ್ಮನ ಪಿತ್ತ ನೆತ್ತಿಗೇರಿತು. "ನಿನ್ನ ಬೆಳಕಿಗಿಷ್ಟು ಬೆಂಕಿ ಹಾಕ! ನರಿಗೆ ದೀಪ ಹಿಡಿಯೋನು ನೀನು!"

ಸೂರ್ಯ ಒಂದು ಸುತ್ತು ಮುಗಿಸುವ ತನಕ ಬೈದಳು. ಉಸಿರು ಎಳೆದುಕೊಂಡು ಮತ್ತೆ ಬೈದಳು. ಕೊನೆಗೆ ಗಾಳಿಯೇ ಸೋತು, "ಮುಳುಗೋ ಮಾರಾಯ, ನನ್ನ ಕಿವಿ ತೂತಾಯ್ತು," ಎಂದಿತು.

"ಒಂದೇ ಒಂದು ಮುಳುಗು, ಅಷ್ಟೇ," ಎಂದು ಗೊಣಗುತ್ತಾ ಸೂರ್ಯ ಅಂಚಿನಿಂದ ಕೆಳಗಿಳಿದ.

"ನಡೀರಿ ಮಕ್ಕಳೇ, ನಡೀರಿ!" ಚಿಟಕಮ್ಮ ಮುಂದೆ, ಮರಿಗಳು ಹಿಂದೆ. ಅರ್ಧ ದಾರಿ ಬಂದಿದ್ದರು ಅಷ್ಟೇ. ಎದುರಿನ ಅಂಚಿನಿಂದ ಚಂದ್ರ ಮೇಲೆ ಬಂದ. ಅವತ್ತು ಹುಣ್ಣಿಮೆ. ಅಣ್ಣ ಯಾವಾಗ ತೊಲಗುತ್ತಾನೋ ಎಂದು ಕಾದಿದ್ದವನು ತೊಳೆದಿಟ್ಟ ತಟ್ಟೆಯಂಥ ಮುಖ ಹೊತ್ತು ಬಂದೇಬಿಟ್ಟ. ಬಯಲೆಲ್ಲ ಬೆಳ್ಳಗಾಯಿತು. ದಿಬ್ಬದಿಂದ ನರಿ ಹಾರಿತು. ಎಲ್ಲರಿಗಿಂತ ಹಿಂದಿದ್ದ ಮರಿ ಇಲ್ಲವಾಯಿತು.

"ಹೇಗಿದೆ ನನ್ನ ಬೆಳದಿಂಗಳು?" ಎಂದು ಕೇಳಿದ ಚಂದ್ರ.

ಚಿಟಕಮ್ಮನಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. "ಕತ್ತಲೆ ಕೇಳಿದ್ರೆ ದೀಪ ತಂದ್ಯಲ್ಲೋ, ಹಾಳಾದವನೇ! ನನ್ನ ಮಗು ಹೋಯ್ತು, ನಿನಗೆ ಹೊಗಳಿಕೆ ಬೇಕಾ?"

ಅವಳು ನೆಲಕ್ಕೆ ಕೊಕ್ಕಿನಿಂದ ಕುಟ್ಟಿದಳು. ಕುಟ್ಟಿದಳು, ಕುಟ್ಟಿದಳು. "ಏಳೇ ಭೂಮಿ! ನಿನ್ನ ಮೈಮೇಲೆ ನನ್ನ ಮಕ್ಕಳನ್ನ ತಿಂತಿದ್ದಾರೆ. ನೀನೂ ತಾಯಿ ಅಲ್ವೇನೇ? ಏಳು!"

ಭೂಮಿಗೆ ಅದು ಚುರುಕ್ಕೆಂದಿತು. ಅವಳಿಗೂ ಸಿಟ್ಟು ಬಂತು. "ಇವನ ಮುಖದ ಹೊಳಪೆಲ್ಲ ಅಣ್ಣನದು ಕಣೆ. ನನ್ನ ಹೆಗಲ ಮೇಲಿಂದ ಹಾದು ಹೋಗುತ್ತೆ. ತಡಿ," ಎಂದು ಬೆನ್ನು ನೆಟ್ಟಗೆ ಮಾಡಿ ಇಬ್ಬರ ನಡುವೆ ನಿಂತಳು.

ಅವಳ ನೆರಳು ಚಂದ್ರನ ಕೆನ್ನೆಗೆ ಬಿತ್ತು, ಮೂಗಿಗೆ ಬಿತ್ತು, ಮುಖವೆಲ್ಲ ಮುಚ್ಚಿತು. ಆ ಬೇಸಿಗೆಯಲ್ಲಿ ಮೊದಲ ಸಲ ಬಯಲಿನಲ್ಲಿ ಪೂರ್ತಿ ಕತ್ತಲಾಯಿತು. ನರಿ ಮೂಸಿತು, ತಡಕಾಡಿತು, ಎಡವಿ ಬಿತ್ತು. ಮೂರು ಮರಿಗಳು ತಾಯಿಯ ದನಿ ಹಿಡಿದು ಓಡಿ ಕೊಳದಂಚಿನ ಜೊಂಡಿನೊಳಗೆ ಸೇರಿಕೊಂಡವು.

ಚಂದ್ರ ಕೆಂಡಾಮಂಡಲವಾದ. "ಹುಣ್ಣಿಮೆ ದಿನ ನನ್ನ ಮುಖ ಮುಚ್ಚೋದಾ? ಭೂಮಿನ ಎಬ್ಬಿಸಿದವಳು ನೀನು, ತಪ್ಪಾಯ್ತು ಅನ್ನು, ಇಲ್ಲಾಂದ್ರೆ ನಾನು ಮೇಲೇ ಹತ್ತೋಲ್ಲ!"

"ಹತ್ತಬೇಡ," ಎಂದಳು ಚಿಟಕಮ್ಮ, ಜೊಂಡಿನೊಳಗಿಂದಲೇ. "ನನ್ನ ನಾಲ್ಕನೇ ಮಗುವನ್ನ ತಂದುಕೊಡು, ಆಮೇಲೆ ತಪ್ಪಾಯ್ತು ಅಂತೀನಿ."

ಚಂದ್ರ ಅಂಚಿನಿಂದ ಒಂದು ಗೇಣೂ ಮೇಲೇಳದೆ, ಕೆಂಪು ಮುಖ ಹೊತ್ತು, ನೆಲಕ್ಕೆ ತಾಗಿಕೊಂಡೇ ತೆವಳಿ, ಆಚೆ ಇಳಿದು ಹೋದ. ಅವಳು ತಪ್ಪಾಯಿತು ಎಂದು ಹೇಳಲೇ ಇಲ್ಲ, ಅವನ ಸಿಟ್ಟೂ ಇಳಿಯಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ಬೇಸಿಗೆಯ ಗ್ರಹಣದ ದಿನ ಆ ದೂರದ ಉತ್ತರದಲ್ಲಿ ನಿಂತು ನೋಡಿದರೆ ಚಂದ್ರ ಕೆಂಪಗೆ ಉರಿಯುತ್ತಾ ಆಕಾಶದ ಅಂಚಿನಲ್ಲೇ ತೆವಳುತ್ತಿರುತ್ತಾನೆ. ಎಂಥಾ ಚಂದ ಎಂದು ಜನ ಕತ್ತೆತ್ತಿ ನಿಂತಿರುವಾಗ, ಅವರ ಕಾಲ ಬಳಿಯೇ ಒಂದು ಉಲ್ಲಂಕಿ ಮೇಲೆ ನೋಡದೆ ಮರಿಗಳನ್ನು ಕರೆದುಕೊಂಡು ನೀರಿನ ಕಡೆಗೆ ಓಡುತ್ತಿರುತ್ತದೆ.