ಆಂಪ್ಲಿಫೈಯರ್‌ಗೆ ಶಾಲು

ಮಗ್ಗದ ಓಣಿಯ ನೇಕಾರರ ಸಂಘದ ಹಳೇ ಆಂಪ್ಲಿಫೈಯರ್ ತಿಂಗಳಿಂದ ಮೂಕವಾಗಿತ್ತು. ರಿಪೇರಿ ಮಾಡಿಸೋಣ ಅಂದರು ಸದಸ್ಯರು. ಮಾರಿಬಿಡೋಣ ಅಂದರು ಅಧ್ಯಕ್ಷ ಮಹಾರುದ್ರಪ್ಪನವರು. ಕೊಳ್ಳಲು ತಮ್ಮ ಬೀಗರನ್ನೇ ಕರೆತಂದಿದ್ದರು. ಹೊರಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಒಳಗೆ ಅಧ್ಯಕ್ಷರು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಲಗೂನ ಬರಿಯೋ. ರಿಪೇರಿ ಆಗೂದಿಲ್ಲ, ಗುಜರಿಗೆ ಹಾಕೇವಿ ಅಂತ,” ಎಂದು ಜವಾನನಿಗೆ ಗದರಿದರು.

ಜವಾನ ಸಂಘದ ಠರಾವು ಪುಸ್ತಕ ತೆರೆದ, ಬರೆಯಲಿಲ್ಲ. “ಬರೀತೀನ್ರಿ. ಆದ್ರ ಸಂಘ ಬಿಟ್ಟು ಹೋಗೋರಿಗೆ ಶಾಲು ಹೊದಿಸಿ ನಾಕು ಮಾತಾಡೋದು ನಮ್ಮ ರೂಢಿ. ಇದೂ ನಲವತ್ತು ವರ್ಷ ದುಡಿದೈತಿ.”

ಭಾಷಣವೆಂದರೆ ಅಧ್ಯಕ್ಷರು ಬೇಡವೆನ್ನುವವರಲ್ಲ. ಜವಾನ ಮೈಕು ನಿಲ್ಲಿಸಿ ಸ್ವಿಚ್ ಹಾಕಿದ. ಅಧ್ಯಕ್ಷರು ಮೈಕಿಗೆ ಎರಡು ಸಲ ತಟ್ಟಿದರು. ಸದ್ದಿಲ್ಲ.

“ಸತ್ತೈತಿ. ಶಾಲು ತಗೊಂಬಾ, ಹಂಗೇ ಮಾತಾಡ್ತೀನಿ.”

ಶಾಲು ತರಲು ಹೋದ ಜವಾನ ಬೇಗ ಬರಲಿಲ್ಲ. ಅಧ್ಯಕ್ಷರು ಮೈಕಿನ ಮುಂದೆಯೇ ಚಡಪಡಿಸುತ್ತ ಬೀಗರ ಕಿವಿಗೆ ಬಾಗಿದರು.

ಹಳೇ ವಾಲ್ವಿನ ಯಂತ್ರ ಬಿಸಿಯಾಗದೆ ಬಾಯಿ ಬಿಡುವುದಿಲ್ಲ. ಹಿಂದಿನ ದಿನವೇ ಅದರ ಹರಿದ ತಂತಿಗೆ ಬೆಸುಗೆ ಹಾಕಿದ್ದ ಜವಾನನಿಗೆ ಇದು ಗೊತ್ತಿತ್ತು. ಸ್ವಿಚ್ ಹಾಕಿ ಅಷ್ಟರಲ್ಲಿ ಒಂದು ನಿಮಿಷ ಕಳೆದಿತ್ತು. ಮಾಳಿಗೆಯ ಮೇಲಿನ ಲೌಡ್‌ಸ್ಪೀಕರ್ ಅಧ್ಯಕ್ಷರ ಪಿಸುಮಾತನ್ನು ಇಡೀ ಓಣಿಗೆ ಕೂಗಿ ಹೇಳಿತು: “ಗುಜರಿ ರೇಟಿಗೆ ಒಯ್ರಿ. ಬೆಳಗಾವ್ಯಾಗ ಚಲೋ ರೇಟಿಗೆ ಮಾರಿ ಇಬ್ರೂ ಹಂಚ್ಕೊಳ್ಳೋಣು.”

ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು.

ಜವಾನ ಶಾಲು ಹಿಡಿದು ಬಂದ. “ಸಾಹೇಬ್ರ, ಏನಂತ ಬರೀಲಿ? ರಿಪೇರಿನೋ, ಮಾರಾಟನೋ?”

ಅಧ್ಯಕ್ಷರು ಹಲ್ಲು ಕಚ್ಚಿ ಪಿಸುಗುಟ್ಟಿದರು. ಅದೂ ಓಣಿಗೆಲ್ಲ ಕೇಳಿಸಿತು:

“ಮೊದ್ಲ ಇದನ್ನ ಬಂದ್ ಮಾಡೋ ನಮ್ಮಪ್ಪಾ.”